800ರ ಸ್ಪಾರ್ಕ್ ಪ್ಲಗ್ ಥ್ರೆಡ್ ಹೋಗಿದೆ, ಹೆಡ್ ಬದಲಿಸಲೇಬೇಕಾ?

ಮಲೆನಾಡ 800 (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮದು 2005ರ ಮಾರುತಿ 800, ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್ ಎಂಜಿನ್). ಅಪ್ಪ ತಗೊಂಡ ಗಾಡಿ, ನಾನು ಡ್ರೈವಿಂಗ್ ಕಲಿತದ್ದೂ ಇದರಲ್ಲೇ. ಓಡಿರೋದು 1,12,000 ಕಿ.ಮೀ. ಮೊನ್ನೆ ಶನಿವಾರ ಉಡುಪಿಯಿಂದ ವಾಪಸ್ ಬರ್ತಾ ಆಗುಂಬೆ ಘಾಟಿ ಹತ್ತುವಾಗ, ಅರ್ಧ ತಿರುವು ಮುಗಿದಿತ್ತು, ಬಾನೆಟ್ ಒಳಗೆ ಪಟಾಕಿ ಹೊಡೆದ ಹಾಗೆ ಒಂದು ಸದ್ದು. ಆಮೇಲೆ ಚಫ್ ಚಫ್ ಅಂತ ಗಾಳಿ ಉಗುಳೋ ಶಬ್ದ, ಎಳೆತವೇ ಇಲ್ಲ. ಮೂರು ಸಿಲಿಂಡರಲ್ಲಿ ಎರಡೇ ಹೊಡೀತಿತ್ತು. ಹಿಂದೆ ಬಸ್ಸು, ಪಕ್ಕದಲ್ಲಿ ಕಣಿವೆ. ಹೇಗೋ ಒಂದು ಅಗಲದ ಜಾಗ ನೋಡಿ ನಿಲ್ಲಿಸಿ ಬಾನೆಟ್ ಎತ್ತಿದರೆ, ನಡುವಿನ ಸಿಲಿಂಡರಿನ ಪ್ಲಗ್ ತನ್ನ ವೈರಿಗೆ ನೇತಾಡ್ತಿದೆ. ಅದರ ಥ್ರೆಡ್ಡಿನ (ತಿರುಪಿನ ಸುತ್ತಿನ) ಸಂದಿಯಲ್ಲಿ ಅಲ್ಯೂಮಿನಿಯಂ ಎಳೆ ಸುತ್ತಿಕೊಂಡಿತ್ತು, ಸೀರೆ ಜರಿ ಬಿಚ್ಚಿದ ಹಾಗೆ.

ಮೂರು ವಾರದ ಹಿಂದೆ ಒಂದು ಗ್ಯಾರೇಜಲ್ಲಿ ಮೂರೂ ಪ್ಲಗ್ ಬದಲಿಸಿದ್ದೆ. ಎಂಜಿನ್ ಕೈ ಇಡಲಾಗದಷ್ಟು ಬಿಸಿ ಇತ್ತು, ಹುಡುಗ ಪ್ಲಗ್ಗನ್ನ ಸಾಕೆಟ್ಟಿಗೆ ಸಿಕ್ಕಿಸಿ ಸೀದಾ ರಾಚೆಟ್ಟಲ್ಲೇ ತಿರುಗಿಸಿದ್ದು ನಾನೇ ನೋಡಿದ್ದೆ. ಆಗ ಗೊತ್ತಾಗಲಿಲ್ಲ. ಈಗ ಪ್ಲಗ್ ಹಾಕಿದರೆ ಸುಮ್ಮನೆ ತಿರುಗ್ತದೆ, ಹಿಡಿಯೋದೇ ಇಲ್ಲ. ಇಲ್ಲಿ ಇಬ್ಬರು ಮೆಕ್ಯಾನಿಕ್‌ಗಳು ನೋಡಿ ‘ಹೆಡ್ (ಪ್ಲಗ್ ಕೂರೋ, ಸಿಲಿಂಡರುಗಳ ಮೇಲಿನ ಮುಚ್ಚಳ) ಹೋಯ್ತು, ಬೇರೆ ಹಾಕ್ಬೇಕು’ ಅಂದರು. ಒಬ್ಬರು ಗುಜರಿಯಿಂದ ಹಳೇ ಹೆಡ್ ತಂದುಕೊಡ್ತೀನಿ ಅಂತಿದ್ದಾರೆ. ಒಂದು ಪ್ಲಗ್ ತೂತಿಗೋಸ್ಕರ ಇಡೀ ಹೆಡ್ಡಾ? ನನಗೆ ಮನಸ್ಸೊಪ್ಪುತ್ತಿಲ್ಲ. ತಿಳಿದವರು ಹೇಳಿ.

—

ಹುಬ್ಬಳ್ಳಿ ಲೇತ್

ಹೆಡ್ ತಗದು ಒಗಿಬ್ಯಾಡ್ರಿ. ಹಿಂಥಾ ಕೆಲಸ ನಮ್ಮ ಅಂಗಡಿಗೆ ಬರ್ತಾನ ಇರ್ತಾವ, ಎಲ್ಲಾ ಸರಿ ಆಗಿ ಹೋಗ್ಯಾವ. ಗುಜರಿ ಹೆಡ್ಡಿಗೆ ಎಷ್ಟ ಬಿಸಿ ತಾಗೇತಿ, ಎಲ್ಲೆ ಬೆಂಡ್ ಆಗೇತಿ ಅನ್ನೂದು ಯಾರಿಗೂ ಗೊತ್ತಿರೂದಿಲ್ಲ. ನಿಮ್ಮ ಹೆಡ್ ನಿಮಗ ಗೊತ್ತಿದ್ದ ಹೆಡ್.

ಮೊದಲ ಇದನ್ನ ನೋಡ್ರಿ: ಥ್ರೆಡ್ ಪೂರಾ ಹೋಗೇತೋ, ಇಲ್ಲಾ ಮ್ಯಾಲಿನ ಎರಡ ಮೂರ ಸುತ್ತ ಅಷ್ಟ ಹೋಗೇತೋ? ಟಾರ್ಚ್ ಹಿಡದು ಬಗ್ಗಿ ನೋಡ್ರಿ. ಮ್ಯಾಲಿಂದಷ್ಟ ಕೆಟ್ಟಿದ್ರ, ಕೆಳಗಿನ ಸುತ್ತಿನ ಆಧಾರದ ಮ್ಯಾಲೆ ಚೇಸರ್ (ಕೆಟ್ಟ ಸುತ್ತ ತಿದ್ದೂ ಟೂಲ್) ಬಿಟ್ಟು ಸರಿ ಮಾಡಬಹುದು. ತಾನ ಹಾರಿ ಹೊರಗ ಬಂದೇತಿ ಅಂದ್ರ ಪೂರಾ ಹೋಗಿರೂದ ಜಾಸ್ತಿ. ಹಂಗಿದ್ರ ಕಾಲರ್ (ಮ್ಯಾಲೆ ಅಗಲ ಅಂಚು) ಇರೂ ಬುಷ್, ಅಂದ್ರ ಒಳಗೂ ಹೊರಗೂ ಥ್ರೆಡ್ ಇರೂ ಲೋಹದ ಕೊಳವಿ ಕೂಡಸೂದ ದಾರಿ.

—

ಮಲೆನಾಡ 800

ನೋಡಿದೆ ಅಣ್ಣ. ಒಳಗೆ ಪೂರ್ತಿ ನುಣುಪು, ಬಾವಿ ಗೋಡೆ ಹಾಗಿದೆ. ತಳದಲ್ಲಿ ಒಂದೂವರೆ ಸುತ್ತು ಉಳಿದಿರಬಹುದು ಅಷ್ಟೇ.

—

ಹೊಸ ಸವಾರ

ನಮ್ಮೂರಲ್ಲಿ ಒಬ್ಬರು ಪ್ಲಗ್ಗಿಗೆ ಟೆಫ್ಲಾನ್ ಟೇಪ್ ಸುತ್ತಿ ಬಿಗಿ ಮಾಡಿ ಕೊಟ್ಟಿದ್ದರು, ಓಡ್ತಿತ್ತು. ಅಂಟು ಹಾಕಿ ಕೂರಿಸಿದವರನ್ನೂ ನೋಡಿದ್ದೇನೆ. ತಾತ್ಕಾಲಿಕಕ್ಕೆ ಆಗಲ್ವಾ?

—

ಹುಬ್ಬಳ್ಳಿ ಲೇತ್

ತಮ್ಮಾ, ಆ ಕೆಲಸ ಒಟ್ಟ ಮಾಡಬ್ಯಾಡ. ಲೆಕ್ಕಾ ಹಾಕಿ ತೋರಸ್ತೀನಿ. ಪ್ಲಗ್ಗಿನ ಥ್ರೆಡ್ 14 ಮಿ.ಮೀ. ಅಂದ್ರ ಅದರ ಅಡಿ ಅಗಲ ಒಂದೂವರೆ ಚದರ ಸೆಂಟಿಮೀಟರ್ ಚಿಲ್ರೆ. ಎಂಜಿನ್ ಜೋರ್ ಎಳಿಯೂ ಮುಂದ ಒಳಗ ಸುಮಾರು 50 ಬಾರ್ ಒತ್ತಡ ಏಳ್ತೈತಿ. ಎರಡೂ ಗುಣಿಸಿದ್ರ 78 ಕೆ.ಜಿ. ಹತ್ತತ್ರ. ಒಬ್ಬ ದೊಡ್ಡ ಮನಷ್ಯಾ ಒಳಗಿಂದ ಪ್ಲಗ್ಗಿಗೆ ಒದ್ದಂಗ. ಅದೂ ಒಂದ ಸಲ ಅಲ್ಲ, 3000 ಆರ್‌ಪಿಎಂ ಇದ್ದಾಗ ಸೆಕೆಂಡಿಗೆ 25 ಸಲ. ಇದನ್ನ ಟೇಪ್ ತಡೀತೈತೇನು?

ಇನ್ನೊಂದ ಐತಿ. ಪ್ಲಗ್ಗಿನ ಬಿಸಿ ಹೊರಗ ಹೋಗೂ ಮುಖ್ಯ ದಾರಿನ ಆ ಥ್ರೆಡ್ ಮತ್ತ ವಾಶರ್ ಕೂತ ಜಾಗ. ನಡುವ ಟೇಪು, ಅಂಟು ಬಂದ್ರ ಆ ಬಿಸಿ ಒಳಗ ಉಳೀತೈತಿ. ಪ್ಲಗ್ ಕೆಂಪಾಗಿ ಪೆಟ್ರೋಲ್ ಹೊತ್ತಿಗಿಂತ ಮೊದಲ ಉರಿಯಾಕ ಹತ್ತತೈತಿ. ಆಮ್ಯಾಲೆ ಪಿಸ್ಟನ್ನಿಗೆ ತೂತು.

—

ಹೊಸ ಸವಾರ

ಗೊತ್ತಿರಲಿಲ್ಲ ಅಣ್ಣ, ಧನ್ಯವಾದ.

—

ನಿವೃತ್ತ ಫಿಟ್ಟರ್ (ಬೆಂಗಳೂರು)

ನಾನು ವಿಮಾನ ಕಾರ್ಖಾನೆಯಲ್ಲಿ 31 ವರ್ಷ ಫಿಟ್ಟರ್ ಆಗಿದ್ದವನು. ಥ್ರೆಡ್ ಹೋದ ಕೂಡಲೇ ‘ಪಾರ್ಟ್ ಹೋಯಿತು’ ಎನ್ನುವುದನ್ನು ಕೇಳಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ನಮ್ಮಲ್ಲಿ ಹೊಚ್ಚ ಹೊಸ ಅಲ್ಯೂಮಿನಿಯಂ, ಮೆಗ್ನೀಸಿಯಂ ಎರಕಗಳಿಗೇ, ಬೋಲ್ಟ್ ಒಮ್ಮೆಯೂ ಹೋಗಿ ಬರುವ ಮೊದಲೇ, ಉಕ್ಕಿನ ಇನ್ಸರ್ಟ್ (ತೂತಿನೊಳಗೆ ಕೂರುವ ಗಟ್ಟಿ ಥ್ರೆಡ್) ಕೂರಿಸುತ್ತಿದ್ದೆವು. ಮೆದು ಲೋಹದಲ್ಲಿ ಗಟ್ಟಿ ಬೋಲ್ಟನ್ನು ಮತ್ತೆ ಮತ್ತೆ ಬಿಚ್ಚಿ ಹಾಕಿದರೆ ಮೆದುವಾದದ್ದು ಸವೆಯುತ್ತದೆ. ಅದಕ್ಕೆ ಮೊದಲೇ ಮಾಡಿಕೊಂಡ ಏರ್ಪಾಡು ಅದು. ಆದ್ದರಿಂದ ಇದನ್ನು ತೇಪೆ ಕೆಲಸ ಎಂದು ಕೀಳಾಗಿ ನೋಡಬೇಡಿ.

ವೈರ್ ಇನ್ಸರ್ಟ್, ಅಂದರೆ ಎಲ್ಲರೂ ಹೆಲಿಕಾಯಿಲ್ ಎಂದು ಕರೆಯುವುದು, ಸ್ಟೇನ್‌ಲೆಸ್ ತಂತಿಯ ಸುರುಳಿ. ಆ ತಂತಿಯನ್ನು ಅಡ್ಡ ಕತ್ತರಿಸಿ ನೋಡಿದರೆ ವಜ್ರದಾಕಾರ. ಹೊರಗಿನ ಮೂಲೆ ಹೆಡ್ಡಿನ ಹೊಸ ಥ್ರೆಡ್ಡಿನಲ್ಲಿ ಕೂರುತ್ತದೆ, ಒಳಗಿನ ಮೂಲೆ ಬೋಲ್ಟಿಗೆ ಥ್ರೆಡ್ ಆಗುತ್ತದೆ. ಬಿಡಿಯಾಗಿ ಇರುವಾಗ ಸುರುಳಿ ತೂತಿಗಿಂತ ತುಸು ದಪ್ಪ. ಒಳಗೆ ತಿರುಗಿಸುವಾಗ ಕುಗ್ಗುತ್ತದೆ, ಬಿಟ್ಟ ಮೇಲೆ ಹಿಗ್ಗಿ ಗೋಡೆಯನ್ನು ಹಿಡಿದುಕೊಳ್ಳುತ್ತದೆ.

ಇದಕ್ಕೆ ಮಾಮೂಲಿ ಟ್ಯಾಪ್ (ತೂತಿನಲ್ಲಿ ಥ್ರೆಡ್ ಕಡಿಯುವ ಟೂಲ್) ನಡೆಯುವುದಿಲ್ಲ. ಅದೇ ಪಿಚ್ಚಿನ (ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ಅಂತರ), ಆದರೆ ದಪ್ಪನೆಯ ವಿಶೇಷ ಟ್ಯಾಪ್ ಬೇಕು. ಬೋಲ್ಟಿನ ಅಳತೆಗೆ ಪಿಚ್ಚಿನ 1.3 ಪಟ್ಟು ಕೂಡಿಸಿದರೆ ಹೊಸ ಥ್ರೆಡ್ಡಿನ ಹೊರವ್ಯಾಸ ಸಿಗುತ್ತದೆ. 6 ಮಿ.ಮೀ. ಬೋಲ್ಟಿಗೆ 7.3, 8ರ ಬೋಲ್ಟಿಗೆ 9.6, ನಿಮ್ಮ 14×1.25 (14 ವ್ಯಾಸ, 1.25 ಪಿಚ್) ಪ್ಲಗ್ಗಿಗೆ 15.6. ಹಿಡಿತ ಸಿಗುವ ಮೇಲ್ಮೈ ಆ ಪ್ರಮಾಣದಲ್ಲಿ ಹೆಚ್ಚುವುದರಿಂದ, ಸರಿಯಾಗಿ ಕೂತ ಇನ್ಸರ್ಟ್ ಮೂಲ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಗಟ್ಟಿ.

ಬೋಲ್ಟ್ ತೂತಾದರೆ ಕಿಟ್ಟಿನಲ್ಲಿ ಹೇಳಿದ ಡ್ರಿಲ್ಲನ್ನೇ ಬಳಸಿ. ಕಣ್ಣಂದಾಜಿನಲ್ಲಿ ದೊಡ್ಡದು ಹಾಕಿದರೆ ಹೊಸ ಥ್ರೆಡ್ ಆಳವಾಗಿ ಕಡಿಯುವುದಿಲ್ಲ. 6 ಮಿ.ಮೀ. ಬೋಲ್ಟಿಗೆ 6.3ರ ಡ್ರಿಲ್ ಸಾಮಾನ್ಯ. ಪ್ಲಗ್ಗಿಗೆ ಸಿಗುವ ಟ್ಯಾಪ್ ಬೇರೆ ಬಗೆಯದು: ಅದರ ಮೂತಿ ಹಳೆಯ ತೂತಿನ ಅಳತೆಗೇ ಇದ್ದು ದಾರಿ ತೋರಿಸುತ್ತದೆ, ಹಿಂದಿನ ಭಾಗ ದೊಡ್ಡ ಥ್ರೆಡ್ ಕಡಿಯುತ್ತದೆ. ನಿಮ್ಮ ತಳದಲ್ಲಿ ಉಳಿದಿರುವ ಆ ಒಂದೂವರೆ ಸುತ್ತು ಇದಕ್ಕೆ ಬಹಳ ಬೆಲೆಬಾಳುವಂಥದ್ದು. ಕೆಡಿಸಿಕೊಳ್ಳಬೇಡಿ.

ಈ ಕೆಲಸದಲ್ಲಿ ತಪ್ಪುವುದು ಬಹುಪಾಲು ಒಂದೇ ಕಡೆ: ಟ್ಯಾಪ್ ಸೊಟ್ಟ ಹೋಗುವುದು. ಎರಡು ಸುತ್ತು ಹಿಡಿದ ಮೇಲೆ ನಿಲ್ಲಿಸಿ, ಪುಟ್ಟ ಮೂಲೆಮಟ್ಟ ಇಟ್ಟು ಒಮ್ಮೆ ಮುಂದಿನಿಂದ, ಒಮ್ಮೆ ಪಕ್ಕದಿಂದ ನೋಡಿ. ಎರಡೂ ಕಡೆ ನೆಟ್ಟಗಿದ್ದರೆ ಮಾತ್ರ ಮುಂದೆ ಹೋಗಿ. ನಾಲ್ಕು ಸುತ್ತು ಆದ ಮೇಲೆ ಸೊಟ್ಟವನ್ನು ತಿದ್ದಲು ಆಗುವುದಿಲ್ಲ. ಅಲ್ಯೂಮಿನಿಯಂಗೆ ಸೀಮೆಎಣ್ಣೆ ಒಳ್ಳೆಯ ಜಾರುಕ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಚೂರು ಮುರಿಯಲಿ. ಮೆದು ಲೋಹ, ಸಲೀಸಾಗಿ ಹೋಗುತ್ತಿದೆ ಎಂದು ಕೈ ಓಡಿಸಬೇಡಿ. ಚೂರು ಟ್ಯಾಪಿನ ಹಲ್ಲಿಗೆ ಅಂಟಿ ಹೊಸ ಥ್ರೆಡ್ಡನ್ನೇ ಕಿತ್ತುಕೊಂಡು ಬರುತ್ತದೆ.

ಸುರುಳಿ ಮೇಲ್ಮೈಗಿಂತ ಕಾಲಿನಿಂದ ಅರ್ಧ ಸುತ್ತು ಕೆಳಗೆ ಕೂರಬೇಕು. ತಳದಲ್ಲಿರುವ ಹಿಡಿಕೆ ತುಂಡನ್ನು ಬೋಲ್ಟ್ ತೂತಿನಲ್ಲಿ ಪಂಚಿನಿಂದ ಒಂದೇ ಪೆಟ್ಟಿಗೆ ಮುರಿದು, ಮರೆಯದೆ ಹೊರಗೆ ತೆಗೆಯಿರಿ. ಪ್ಲಗ್ ತೂತಿನಲ್ಲಿ ಹಾಗೆ ಹೊಡೆದರೆ ಅದು ಪಿಸ್ಟನ್ ಮೇಲೆ ಬೀಳುತ್ತದೆ. ಅಲ್ಲಿ ಉದ್ದ ಮೂತಿಯ ಪ್ಲೈಯರಿನಲ್ಲಿ ಹಿಡಿದು, ಅಲುಗಾಡಿಸಿ ಮುರಿದು, ಹಿಡಿದುಕೊಂಡೇ ಮೇಲಕ್ಕೆ ತರಬೇಕು.

—

ಹುಬ್ಬಳ್ಳಿ ಲೇತ್

ಹಿರಿಯರ ಮಾತಿಗೆ ನಮಸ್ಕಾರ. ಬೋಲ್ಟಿಗೆ ಸುರುಳಿ ಹಾಕೂದು ನಾನೂ ಒಪ್ತೀನ್ರಿ. ಆದ್ರ ಪ್ಲಗ್ಗಿಗೆ ನನ್ನ ಮನಸ್ಸು ಬುಷ್ ಕಡೆನ. ಎರಡ ವರ್ಷ ಬಿಟ್ಟು ಪ್ಲಗ್ ಬಿಚ್ಚಿದಾಗ, ಕಾರ್ಬನ್ ಹಿಡದಿದ್ರ ಸುರುಳಿ ಪ್ಲಗ್ಗಿನ ಸಂಗಾಟನ ಎದ್ದು ಬರ್ತೈತಿ. ಅಂಥಾವ ನನ್ನ ಕಡೆ ಬಂದಾವ. ಗಟ್ಟಿ ಬುಷ್ಷಿಗೆ ಮ್ಯಾಲೆ ಕಾಲರ್ ಇರ್ತೈತಿ, ಒಳಗ ಇಳಿಯೂದಿಲ್ಲ. ತಳದ ಒಂದೆರಡ ಸುತ್ತ ಹಿಗ್ಗಿಸಿ ಬಿಟ್ರ ಹೊರಗೂ ಬರೂದಿಲ್ಲ.

ಎರಡ ಮಾತು ನೆನಪಿಟ್ಟಕೊಳ್ರಿ. ಕಾಲರ್ ಕೂಡಾಕ ಹೆಡ್ಡಿನಾಗ ಮೆಟ್ಟಲ ಕಡದು, ಕಾಲರಿನ ತಲಿ ಮೊದಲಿನ ವಾಶರ್ ಕೂತ ಮಟ್ಟಕ್ಕ ಸರಿಯಾಗಿ ಬರಬೇಕು. ಒಂದೂವರೆ ಮಿ.ಮೀ. ಮ್ಯಾಲೆ ನಿಂತ್ರ ಪ್ಲಗ್ಗೂ ಅಷ್ಟ ಮ್ಯಾಲೆ ನಿಲ್ತೈತಿ, ಕಿಡಿ ಬೀಳೂ ಜಾಗಾನ ಬದಲಾಗತೈತಿ. ಎರಡನೇದು, ಬುಷ್ಷಿನ ತಳ ಛೇಂಬರಿನಾಗ (ಪೆಟ್ರೋಲ್ ಉರಿಯೂ ಜಾಗದಾಗ) ಚಾಚಬಾರದು. ಚಾಚಿದ ಅಂಚು ಕೆಂಡ ಆಗ್ತೈತಿ. ಹಂಗಂತ ಗಿಡ್ಡ ಹಾಕಿದ್ರ ಪ್ಲಗ್ಗಿನ ತುದಿ ಥ್ರೆಡ್ಡಿಗೆ ಕಾರ್ಬನ್ ಮೆತ್ತಿ ಮುಂದ ಬಿಚ್ಚೂ ಮುಂದ ಹಿಡಕೊಳ್ತೈತಿ. 800ರ ಪ್ಲಗ್ಗಿನ ಥ್ರೆಡ್ 19 ಮಿ.ಮೀ. ಉದ್ದ. ಅದನ್ನ ನೋಡಿ ಬುಷ್ ಆರಸ್ರಿ.

—

ಮಲೆನಾಡ 800

ಬುಷ್ ಹಿತ್ತಾಳೆದಾ, ಉಕ್ಕಿನದಾ? ಇಲ್ಲಿ ಒಬ್ಬರು ಹಿತ್ತಾಳೆ ಅಂದರು.

—

ನಿವೃತ್ತ ಫಿಟ್ಟರ್

ಹುಬ್ಬಳ್ಳಿಯವರು ಹೇಳಿದ್ದು ಸರಿ. ಪ್ಲಗ್ ಪದೇ ಪದೇ ಬಿಚ್ಚುವ ಜಾಗ. ನಾನೂ ಅಲ್ಲಿ ಕಾಲರ್ ಇರುವ ಬುಷ್ಷನ್ನೇ ಆರಿಸುತ್ತೇನೆ.

ಹಿತ್ತಾಳೆಯ ಪರವಾಗಿ ಒಂದು ನ್ಯಾಯವಾದ ಮಾತಿದೆ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ, ಹಿತ್ತಾಳೆ ಅಲ್ಯೂಮಿನಿಯಂಗೆ ಹತ್ತಿರ. 16 ಮಿ.ಮೀ. ಬುಷ್, 150 ಡಿಗ್ರಿ ಬಿಸಿ ಏರಿತು ಎಂದುಕೊಳ್ಳಿ: ಉಕ್ಕಿನ ಬುಷ್ಷಿಗೂ ಹೆಡ್ಡಿಗೂ ನಡುವೆ ಸುಮಾರು 0.026 ಮಿ.ಮೀ. ಅಂತರ ಬೀಳುತ್ತದೆ. ಹಿತ್ತಾಳೆಗೆ ಅದು 0.01. ಹಳೆಯ ಮೇಸ್ತ್ರಿಗಳು ಲೆಕ್ಕ ಬರೆಯದೆಯೇ ಇದನ್ನು ಕೈಯಿಂದ ತಿಳಿದಿದ್ದರು. ಆದರೆ ಹಿತ್ತಾಳೆ ಮೆದು, ಥ್ರೆಡ್ ಮತ್ತೆ ಸವೆಯುತ್ತದೆ. ಉಕ್ಕಿನದರಲ್ಲಿ ಆ ಅಂತರವನ್ನು ಗೆಲ್ಲಲೆಂದೇ ತಳವನ್ನು ಹಿಗ್ಗಿಸಿ ಬಿಗಿಯುವುದು. ಆ ಹಂತವನ್ನು ಬಿಟ್ಟು, ಬರೀ ತಿರುಗಿಸಿ ಕೂರಿಸಿದ ಉಕ್ಕಿನ ಬುಷ್ ಒಂದು ದಿನ ಪ್ಲಗ್ ಜೊತೆ ಹೊರಬರುತ್ತದೆ. ಉಕ್ಕಿನದೇ ಹಾಕಿ, ಆದರೆ ಪೂರ್ತಿ ಕೆಲಸ ಮಾಡಿ.

—

ಕರಾವಳಿ ಟ್ಯಾಕ್ಸಿ (ಮೂಡುಬಿದಿರೆ)

ಪ್ಲಗ್ ಅಲ್ಲ, ನನ್ನದು ಬೋಲ್ಟಿನ ಕಥೆ ಮಾರಾಯ್ರೆ. ಆಲ್ಟರ್ನೇಟರ್ ಬ್ರಾಕೆಟ್ಟಿನ 8 ಮಿ.ಮೀ. ಬೋಲ್ಟ್, ಅಲ್ಯೂಮಿನಿಯಂ ಎರಕದಲ್ಲಿ ಹೋಗಿ ಕೂರುವಂಥದ್ದು. ಬೆಲ್ಟ್ ಟೈಟ್ ಮಾಡ್ಲಿಕ್ಕೆ ಎಷ್ಟು ಸಲ ಬಿಚ್ಚಿದ್ದೋ ಲೆಕ್ಕ ಇಲ್ಲ, ಕೊನೆಗೆ ಥ್ರೆಡ್ ಹೋಯ್ತು. ಮರುದಿನ ಬೆಳಿಗ್ಗೆ ಏರ್‌ಪೋರ್ಟಿಗೆ ಬಾಡಿಗೆ ಉಂಟು.

ನಮ್ಮ ಊರಿನ ಒಬ್ಬರು ಹಿರಿಯ ಮೆಕ್ಯಾನಿಕ್ ಬಂದು ಸೈಕಲ್ ಕಡ್ಡಿಯೊಂದನ್ನು ತೂತಿಗೆ ಇಳಿಸಿ ಅಳತೆ ತೆಗೆದ್ರು. ತೂತಿನ ಆಳ 32 ಮಿ.ಮೀ., ನನ್ನ ಬೋಲ್ಟ್ ಒಳಗೆ ಹೋಗ್ತಾ ಇದ್ದದ್ದು ಬರೀ 16. ಅಂದ್ರೆ ತಳದಲ್ಲಿ ಯಾರೂ ಮುಟ್ಟದ ಥ್ರೆಡ್ ಹಾಗೇ ಉಂಟು! 12 ಮಿ.ಮೀ. ಉದ್ದ ಜಾಸ್ತಿ ಇರುವ ಬೋಲ್ಟ್ ತಂದು ಹಾಕಿದ್ರು, ಗಟ್ಟಿ ಕೂತಿತು. ಡ್ರಿಲ್ಲೂ ಬೇಡ, ಟ್ಯಾಪೂ ಬೇಡ. ಎರಡು ವರ್ಷ ಆಯ್ತು ಈಗ. ಹಾಗಾಗಿ ಮಿಷನ್ ಹಿಡಿಯುವ ಮೊದಲು ತೂತಿನ ಆಳ ನೋಡಿ ಅಂತ ನನ್ನ ವಿನಂತಿ.

ಒಂದು ಪ್ರಶ್ನೆ ಹಿರಿಯರಿಗೆ: ನಾವು ಕೈ ಅಂದಾಜಿನಲ್ಲೇ ಬಿಗಿ ಮಾಡುವವರು. ಅದು ಅಷ್ಟು ತಪ್ಪಾ?

—

ನಿವೃತ್ತ ಫಿಟ್ಟರ್

ಉದ್ದ ಬೋಲ್ಟಿನ ಉಪಾಯ ಬಹಳ ಒಳ್ಳೆಯದು. ನಿಮಗೆ ತಳದಲ್ಲಿ 12 ಮಿ.ಮೀ. ಹಿಡಿತ ಸಿಕ್ಕಿದೆ, 8ರ ಬೋಲ್ಟಿಗೆ ಅದು ಒಂದೂವರೆ ಪಟ್ಟು. ಅಲ್ಯೂಮಿನಿಯಂನಲ್ಲಿ ಅಷ್ಟಾದರೂ ಇರಬೇಕು, ಎರಡು ಪಟ್ಟು ಇದ್ದರೆ ನೆಮ್ಮದಿ. ಬೋಲ್ಟಿನ ತುದಿ ತಳಕ್ಕೆ ತಾಗದಂತೆ ಎರಡು ಮೂರು ಮಿ.ಮೀ. ಬಿಡಬೇಕು. ತಾಗಿದರೆ ಬಿಗಿಯಾದಂತೆ ಅನ್ನಿಸುತ್ತದೆ, ಬ್ರಾಕೆಟ್ ಮಾತ್ರ ಸಡಿಲವೇ ಇರುತ್ತದೆ. ತಳಮುಚ್ಚಿದ ತೂತಿನಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ ಒರೆಸಿ ತೆಗೆಯಿರಿ. ದ್ರವ ಕುಗ್ಗುವುದಿಲ್ಲ, ಬೋಲ್ಟ್ ಇಳಿದಂತೆ ಒತ್ತಡ ಏರಿ ಎರಕವನ್ನೇ ಸೀಳುತ್ತದೆ.

ಕೈ ಅಂದಾಜಿನ ಬಗ್ಗೆ: 6 ಮಿ.ಮೀ. ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ (ತಿರುಗಿಸಿ ಬಿಗಿಯುವ ಬಲದ ಅಳತೆ) ಸಾಕು. ಅದಕ್ಕೆ ಹಾಕುವ 10ನೇ ನಂಬರ್ ಸ್ಪ್ಯಾನರ್ 14 ಸೆಂ.ಮೀ. ಉದ್ದ ಎಂದುಕೊಳ್ಳಿ. ತುದಿಯಲ್ಲಿ 15 ಕೆ.ಜಿ. ಬಲ ಹಾಕಿದರೆ, ಗಂಡಾಳಿಗೆ ಅದೇನೂ ಕಷ್ಟವಲ್ಲ, ಆಗಲೇ 20 ದಾಟಿತು. ಅಂದರೆ ಬೇಕಾದ್ದಕ್ಕೆ ಎರಡು ಪಟ್ಟು. ಸಣ್ಣ ಬೋಲ್ಟಿನ ಥ್ರೆಡ್ಡೇ ಹೆಚ್ಚು ಹೋಗುವುದು ಇದರಿಂದ. 8ರ ಬೋಲ್ಟನ್ನು ಒಣಗಿದ ಥ್ರೆಡ್ಡಿನಲ್ಲಿ 25 ನ್ಯೂಟನ್ ಮೀಟರಿಗೆ ಬಿಗಿದರೆ ಅದು ಒಂದೂವರೆ ಟನ್‌ಗಿಂತ ಹೆಚ್ಚಿನ ಬಲದಿಂದ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಅದೇ ಬೋಲ್ಟಿಗೆ ಎಣ್ಣೆ ಸವರಿ ಅಷ್ಟೇ ಬಿಗಿದರೆ ಎಳೆತ ಇನ್ನೂ ಏರುತ್ತದೆ, ಏಕೆಂದರೆ ತಿಕ್ಕಾಟಕ್ಕೆ ಹೋಗುತ್ತಿದ್ದ ಬಲವೂ ಎಳೆಯಲು ಬರುತ್ತದೆ. ಆ ಭಾರವನ್ನು ಎಲ್ಲ ಸುತ್ತುಗಳೂ ಸಮನಾಗಿ ಹೊರುವುದಿಲ್ಲ. ಮೊದಲ ಸುತ್ತಿಗೇ ಸುಮಾರು ಮೂರನೇ ಒಂದು ಪಾಲು. ಅದು ಹರಿದರೆ ಭಾರ ಎರಡನೆಯದಕ್ಕೆ, ಆಮೇಲೆ ಮೂರನೆಯದಕ್ಕೆ. ಹೀಗೆ ಸಾಲಾಗಿ ಹೋಗುತ್ತದೆ. ಬಿಗಿಯುವ ಬಲವನ್ನು ಅಳೆದು ತೋರಿಸುವ ಒಂದು ಟಾರ್ಕ್ ರೆಂಚ್ ಕೊಂಡುಕೊಳ್ಳಿ.

—

ಮಿಷಿಗನ್ ಕನ್ನಡಿಗ

ಡೆಟ್ರಾಯಿಟ್ ಹತ್ತಿರ ಇರ್ತೀನಿ, ವಾರಾಂತ್ಯಕ್ಕೆ ಹಳೇ ಗಾಡಿ ಬಿಚ್ಚೋದೇ ಹವ್ಯಾಸ. ಪ್ಲಗ್ ಹಾರಿದ್ದಕ್ಕೆ ನಿಮ್ಮ ಗಾಡಿಯನ್ನ ಬೈಕೊಳ್ಳಬೇಡಿ. ಇಲ್ಲಿ ಫೋರ್ಡ್‌ನ 4.6 ಮತ್ತು 5.4 ಲೀಟರಿನ ಹಳೇ 2 ವಾಲ್ವ್ ವಿ8 ಎಂಜಿನ್‌ಗಳು ಪ್ಲಗ್ ಉಗುಳೋದಕ್ಕೇ ಹೆಸರುವಾಸಿ. ಅವುಗಳ ಹೆಡ್ಡಿನಲ್ಲಿ ಪ್ಲಗ್ಗನ್ನ ಹಿಡಿದಿರೋದು ನಾಲ್ಕು ಸುತ್ತು ಥ್ರೆಡ್, ಅಷ್ಟೇ. ಸ್ವಲ್ಪ ಸಡಿಲ ಆದರೂ ಹಾರ್ತದೆ. ಹೆಡ್ ಇಳಿಸದೆ ಬುಷ್ ಹಾಕೋ ಕಿಟ್‌ಗಳು ಇಲ್ಲಿ ಇಷ್ಟು ಬೆಳೆದಿರೋದಕ್ಕೆ ಆ ಎಂಜಿನ್‌ಗಳೂ ಒಂದು ಕಾರಣ. ನಿಮ್ಮ 800ರಲ್ಲಿ 19 ಮಿ.ಮೀ. ಪೂರ್ತಿ ಥ್ರೆಡ್ ಇದೆ, ಅದು ಪುಣ್ಯ.

ಇನ್ನೊಂದು ನನಗೆ ಇಷ್ಟವಾದ ಉದಾಹರಣೆ ಹಳೇ ಫೋಕ್ಸ್‌ವ್ಯಾಗನ್ ಬೀಟಲ್. ಅದರ ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಂ ಮಿಶ್ರಲೋಹ, ಹೆಡ್ ಸ್ಟಡ್‌ಗಳು ಅದರಿಂದ ಕಿತ್ತು ಬರ್ತಿದ್ದವು. ಕೊನೆಗೆ ಕಾರ್ಖಾನೆಯಿಂದಲೇ ಉಕ್ಕಿನ ಇನ್ಸರ್ಟ್ ಹಾಕಿದ ಕೇಸ್ ಬರೋಕೆ ಶುರುವಾಯ್ತು. ಹಿರಿಯರು ವಿಮಾನದ ಬಗ್ಗೆ ಹೇಳಿದ್ದು ರಸ್ತೆ ಗಾಡಿಗೂ ಬಂದ ಹಾಗಾಯ್ತು.

—

ಮೈಸೂರು ಸ್ಕೂಟಿ

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನ ಸ್ಕೂಟರ್ ಪ್ಲಗ್ಗನ್ನ ನಾನೇ ಬದಲಿಸ್ತೀನಿ. ಇದೇ 14ರ ಲೆಕ್ಕ ಅದಕ್ಕೂ ಅನ್ವಯಿಸುತ್ತಾ?

—

ಹುಬ್ಬಳ್ಳಿ ಲೇತ್

ಇಲ್ಲವಾ ತಂಗಿ. ಈಗಿನ ಸ್ಕೂಟರಿನಾಗ ಬಾಳ ಮಾಡಿ 10 ಮಿ.ಮೀ. ಪ್ಲಗ್ ಇರ್ತೈತಿ, ಪಿಚ್ 1. ಅದಕ್ಕ 10ರಿಂದ 12 ನ್ಯೂಟನ್ ಮೀಟರ್ ಅಷ್ಟ. ಕಾರಿನ ಕೈ ಅಲ್ಲೆ ಹಾಕಿದ್ರ ಹೋತು. ಮೊದಲ ಹಿಡಿಯೂದು ಕೈಯಾಗ ಆಗಲಿ. ಪ್ಲಗ್ಗಿನ ಬಿಳಿ ಪಿಂಗಾಣಿಗೆ ಒಂದ ಗೇಣು ಪೆಟ್ರೋಲ್ ಪೈಪು ಸಿಗಿಸಿ ತಿರುಗಸ್ರಿ. ಅಡ್ಡ ಹಿಡದ್ರ ರಬ್ಬರ್ ಜಾರತೈತಿ, ಥ್ರೆಡ್ ಕೆಡೂದಿಲ್ಲ.

—

ಮಲೆನಾಡ 800

ತೀರ್ಮಾನ ಮಾಡಿದೆ. ಹೆಡ್ ಇಳಿಸದೆ ಕಾಲರ್ ಬುಷ್ ಹಾಕೋದು. ಕಿಟ್ ಬೆಂಗಳೂರಿನಿಂದ ತರಿಸ್ತಿದ್ದೀನಿ. ಒಂದೇ ಭಯ, ಚೂರು ಸಿಲಿಂಡರ್ ಒಳಗೆ ಬಿದ್ದರೆ? ಆಯಸ್ಕಾಂತ ಇಳಿಸಿದರೆ ಸಾಕಾ?

—

ನಿವೃತ್ತ ಫಿಟ್ಟರ್

ಅಲ್ಯೂಮಿನಿಯಂ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಹೀಗೆ ಮಾಡಿ. ಮೊದಲು ಆ ಸಿಲಿಂಡರಿನ ಪಿಸ್ಟನ್ನನ್ನು ಕೆಳಗೆ ಇಳಿಸಿ, ಟ್ಯಾಪ್ ತಾಗಬಾರದು. ಉದ್ದನೆಯ ಸ್ಟ್ರಾ ಇಳಿಸಿ ಅಂತರ ಖಾತ್ರಿ ಮಾಡಿಕೊಳ್ಳಿ. ಟ್ಯಾಪಿನ ಸೀಳುಗಳಿಗೆ ದಪ್ಪ ಗ್ರೀಸ್ ತುಂಬಿ. ಇಲ್ಲಿ ಸೀಮೆಎಣ್ಣೆ ಬೇಡ, ಚೂರು ಅದರ ಜೊತೆ ಹರಿದು ಒಳಗಿಳಿಯುತ್ತದೆ. ಗ್ರೀಸ್ ಹಿಡಿದುಕೊಳ್ಳುತ್ತದೆ. ಎರಡೆರಡು ಸುತ್ತಿಗೆ ಟ್ಯಾಪ್ ಪೂರ್ತಿ ಹೊರತೆಗೆದು ಒರೆಸಿ ಮತ್ತೆ ಗ್ರೀಸ್ ತುಂಬಿ. ಬೇಸರವಾಗುತ್ತದೆ, ಆದರೂ ಬಿಡಬೇಡಿ. ಮುಗಿದ ಮೇಲೆ ವ್ಯಾಕ್ಯೂಮ್ ಕ್ಲೀನರಿನ ಮೂತಿಗೆ ಸಣ್ಣ ಪೈಪು ಟೇಪಿನಿಂದ ಕಟ್ಟಿ ಒಳಗೆಲ್ಲ ಆಡಿಸಿ. ಕೊನೆಗೆ ಇಂಧನ ಪಂಪಿನ ಫ್ಯೂಸ್ ತೆಗೆದು, ಇಗ್ನಿಷನ್ ಕಾಯಿಲ್ ಕನೆಕ್ಟರ್ ಬಿಚ್ಚಿ, ಮೂರೂ ಪ್ಲಗ್ ಹೊರಗಿರುವಾಗ ಎಂಜಿನ್ ಸೆಲ್ಫ್ ಹೊಡೆಸಿ. ಉಳಿದದ್ದನ್ನು ಗಾಳಿ ಉಗುಳುತ್ತದೆ. ಮುಖ ಆ ಕಡೆ ಇರಬಾರದು.

—

ಮಲೆನಾಡ 800

ಮುಗೀತು! ವಿವರವಾಗಿ ಬರೀತೀನಿ, ಮುಂದೆ ಯಾರಿಗಾದರೂ ಬೇಕಾಗಬಹುದು.

ನೇರವಾಗಿ ನಮ್ಮ ಎಂಜಿನ್ ಮೇಲೆ ಕೈ ಇಡೋ ಧೈರ್ಯ ಬರಲಿಲ್ಲ. ಶಿವಮೊಗ್ಗದ ಗುಜರಿಯಿಂದ ಬಿರುಕು ಬಿಟ್ಟ ಒಂದು 800 ಹೆಡ್ ತೂಕದ ಲೆಕ್ಕದಲ್ಲಿ ತಂದೆ. ಅದರ ಮೂರು ತೂತಿನಲ್ಲಿ ಕಲಿತೆ. ಮೊದಲನೆಯದು ಸೊಟ್ಟ ಹೋಯ್ತು. ನೆಟ್ಟಗಿದೆ ಅಂತ ನನ್ನ ಕಣ್ಣು ಹೇಳ್ತಿತ್ತು, ಮೂಲೆಮಟ್ಟ ಇಟ್ಟಾಗ ಪಕ್ಕದಿಂದ ಸ್ಪಷ್ಟವಾಗಿ ವಾಲಿತ್ತು. ಒಂದು ಕಡೆಯಿಂದ ಮಾತ್ರ ನೋಡಿದ್ದೆ. ಎರಡನೆಯದಕ್ಕೆ ಎರಡೂ ಕಡೆ ನೋಡಿದೆ, ಆದರೆ ಕಾಲರ್ ಮೆಟ್ಟಿಲು ಆಳ ಜಾಸ್ತಿ ಆಯ್ತು. ಮೂರನೆಯದು ಸರಿ ಬಂತು. ಆಮೇಲೆ ಒಂದು ದಿನ ಬಿಟ್ಟು, ಎಂಜಿನ್ ಪೂರ್ತಿ ತಣ್ಣಗಿರುವಾಗ, ಬೆಳಗಿನ ಬೆಳಕಲ್ಲಿ ಶುರು ಮಾಡಿದೆ.

ಟ್ಯಾಪಿನ ಮೂತಿ ತಳದ ಆ ಒಂದೂವರೆ ಸುತ್ತನ್ನ ಹುಡುಕಿ ಹಿಡಿದಾಗ ಕೈಗೆ ಗೊತ್ತಾಗ್ತದೆ. ಅಲ್ಲಿಂದ ಮುಂದೆ ಅದೇ ದಾರಿ ತೋರಿಸ್ತು. ಒಟ್ಟು ಹನ್ನೊಂದು ಸಲ ಟ್ಯಾಪ್ ಹೊರತೆಗೆದು ಒರೆಸಿದೆ, ಹನ್ನೊಂದು ಸಲವೂ ಗ್ರೀಸಲ್ಲಿ ಬೆಳ್ಳಿ ಚೂರು ಇತ್ತು. ಮೆಟ್ಟಿಲನ್ನ ಸ್ವಲ್ಪ ಸ್ವಲ್ಪ ಕಡಿದು, ಪ್ರತಿ ಸಲ ಬುಷ್ ಇಟ್ಟು ಮಟ್ಟ ನೋಡಿದೆ. ಬುಷ್ ತಿರುಗಿಸಿ ಕೂರಿಸಿ, ಕಿಟ್ಟಿನ ಕೊನೆಯ ಟೂಲ್ ಹಾಕಿ ತಳ ಹಿಗ್ಗಿಸುವಾಗ ಒಂದು ಹಂತದಲ್ಲಿ ಬಿಗಿಯಾಯ್ತು, ಆಮೇಲೆ ಸಡಿಲವಾಗಿ ಮುಂದೆ ಹೋಯ್ತು. ಗಾಬರಿಯಾಗಿ ಹುಬ್ಬಳ್ಳಿ ಅಣ್ಣನಿಗೆ ಖಾಸಗಿ ಮೆಸೇಜ್ ಹಾಕಿದೆ. ‘ಹಂಗ ಆಗಬೇಕು, ತಳ ಹಿಗ್ಗೇತಿ’ ಅಂದ ಮೇಲೆ ಉಸಿರು ಬಂತು.

ಚೂರಿನ ಕೆಲಸ ಹಿರಿಯರು ಹೇಳಿದ ಹಾಗೇ ಮಾಡಿದೆ. ಸೆಲ್ಫ್ ಹೊಡೆದಾಗ ಎದುರಿಗೆ ಹಿಡಿದ ಬಿಳಿ ಬಟ್ಟೆ ಮೇಲೆ ಎರಡೇ ಎರಡು ಚೂರು ಬಿದ್ದವು. ಮತ್ತೆ ವ್ಯಾಕ್ಯೂಮ್, ಮತ್ತೆ ಸೆಲ್ಫ್. ಬಟ್ಟೆ ಚೊಕ್ಕವಾಗುವವರೆಗೆ ನಾಲ್ಕು ಸಲ. ಹೊಸ ಪ್ಲಗ್ಗನ್ನ ಪೆಟ್ರೋಲ್ ಪೈಪಲ್ಲಿ ತಿರುಗಿಸಿದೆ, ಕೊನೇ ಸುತ್ತಿನವರೆಗೂ ಬೆರಳಲ್ಲೇ ಹೋಯ್ತು. ಟಾರ್ಕ್ ರೆಂಚಲ್ಲಿ 25ಕ್ಕೆ ನಿಲ್ಲಿಸಿದೆ. ಕಂಪ್ರೆಷನ್ ಗೇಜ್ ಎರವಲು ತಂದು ನೋಡಿದೆ, ಮೂರೂ ಸಿಲಿಂಡರ್ ಒತ್ತಡ 12 ಬಾರ್ ಆಸುಪಾಸು. ಪ್ಲಗ್ ಬುಡಕ್ಕೆ ಸೋಪು ನೀರು ಬಿಟ್ಟರೆ ಒಂದು ಗುಳ್ಳೆಯೂ ಇಲ್ಲ.

ಸ್ಟಾರ್ಟ್ ಮಾಡಿದಾಗ ಅಪ್ಪ ಜಗಲಿಯಿಂದ ಎದ್ದು ಬಂದರು. ‘ಮೂರೂ ಹೊಡೀತಿದೆ’ ಅಂದರು. ಅವರಿಗೆ ಈಗ ಕಿವಿ ಮಂದ, ಆದರೂ ಬಾನೆಟ್ ಮೇಲೆ ಅಂಗೈ ಇಟ್ಟು ಹೇಳಿದರು.

—

ಹುಬ್ಬಳ್ಳಿ ಲೇತ್

ಭಾಳ ಚಲೋ ಆತು ತಮ್ಮಾ! ಉಳದ ಎರಡ ತೂತನೂ ಒಮ್ಮೆ ನೋಡಿದ್ದೇನು? ಅವನೂ ಅದ ಕೈ, ಅದ ದಿನ ಹಾಕಿದ್ದು.

—

ಮಲೆನಾಡ 800

ನೋಡಿದೆ ಅಣ್ಣ. ಒಂದು ಸರಿ ಇತ್ತು. ಮೂರನೇ ಸಿಲಿಂಡರಿಂದು ಮೇಲಿನ ಒಂದು ಸುತ್ತು ಮಡಚಿತ್ತು. ಚೇಸರಿಗೆ ಗ್ರೀಸ್ ಹಚ್ಚಿ ಕೈಯಲ್ಲೇ ಬಿಟ್ಟು ಸರಿ ಮಾಡಿದೆ. ಆ ಪ್ಲಗ್ಗನ್ನೂ 25ಕ್ಕೇ ಬಿಗಿದಿದ್ದೀನಿ.

—

ನಿವೃತ್ತ ಫಿಟ್ಟರ್

ಸಂತೋಷ. ಸಾವಿರ ಕಿ.ಮೀ. ಓಡಿದ ಮೇಲೆ, ಎಂಜಿನ್ ತಣ್ಣಗಿರುವಾಗ ಆ ಪ್ಲಗ್ಗನ್ನು ಒಮ್ಮೆ ಬಿಚ್ಚಿ ನೋಡಿ. ಬುಷ್ ಅಲುಗದೆ ಪ್ಲಗ್ ಮಾತ್ರ ಬರಬೇಕು. ಮತ್ತೆ ಹಾಕುವಾಗ ವಾಶರ್ ಹಳೆಯದು, ಆಗಲೇ ಚಪ್ಪಟೆಯಾಗಿರುತ್ತದೆ. ರೆಂಚ್ ಸಿಗದಿದ್ದರೆ ಬೆರಳಿನ ಬಿಗಿಯ ನಂತರ ಸುತ್ತಿನ ಹನ್ನೆರಡನೇ ಒಂದು ಭಾಗ, ಅಂದರೆ ಗಡಿಯಾರದ ಮುಳ್ಳು ಒಂದು ಗಂಟೆ ಸರಿದಷ್ಟು. ಹೊಸ ವಾಶರಿಗಾದರೆ ಅರ್ಧ ಸುತ್ತಿನಿಂದ ಮೂರನೇ ಎರಡು ಸುತ್ತಿನ ಒಳಗೆ.

—

ಮಲೆನಾಡ 800

ನಾಲ್ಕು ತಿಂಗಳ ನಂತರ ಬರೀತಿದ್ದೀನಿ. 3,400 ಕಿ.ಮೀ. ಆಯ್ತು, ಅದರಲ್ಲಿ ಆಗುಂಬೆ ಘಾಟಿ ಆರು ಸಲ. ನಿನ್ನೆ ಬೆಳಿಗ್ಗೆ ಪ್ಲಗ್ ಬಿಚ್ಚಿದೆ. ಬುಷ್ ಜಾಗ ಬಿಟ್ಟು ಕದಲಿಲ್ಲ, ಕಾಲರಿನ ಸುತ್ತ ಮಸಿ ಗೆರೆಯೂ ಇಲ್ಲ. ಪ್ಲಗ್ ತುದಿ ತಿಳಿ ಕಂದು ಬಣ್ಣಕ್ಕಿದೆ, ಉಳಿದೆರಡರ ಹಾಗೇ. ಕಿಟ್ಟಿನಲ್ಲಿ ಇನ್ನೂ ಒಂದು ಬುಷ್ ಉಳಿದಿದೆ. ತೀರ್ಥಹಳ್ಳಿ, ಕೊಪ್ಪ ಕಡೆ ಯಾರಿಗಾದರೂ 14ರ ಪ್ಲಗ್ ತೂತು ಹೋಗಿದ್ದರೆ ಇಲ್ಲೇ ತಿಳಿಸಿ, ಟ್ಯಾಪ್ ಸಮೇತ ಕೊಡ್ತೀನಿ. ಕಲಿಯೋಕೆ ಆ ಗುಜರಿ ಹೆಡ್ಡೂ ಇದೆ, ಆದರೆ ಅದರಲ್ಲಿ ತೂತು ಉಳಿದಿಲ್ಲ, ಬೋಲ್ಟ್ ಥ್ರೆಡ್ ಅಭ್ಯಾಸಕ್ಕೆ ಮಾತ್ರ ಆಗ್ತದೆ.